ಸೀಸ ಕಟ್ಟಿದ ಗಾಳ

ಮಾರ್ಚ್ 5

ಅಕ್ಕಾ,

ಎದೆಯ ಗುಳಿಗೆ ತಪ್ಪಿಸದೆ ನುಂಗುತ್ತಿದ್ದೀಯಾ? ಆಸ್ಪತ್ರೆಯ ಲಾಂಡ್ರಿಯಲ್ಲೇ ಕೆಲಸ ಮಾಡಿಕೊಂಡು ಡಾಕ್ಟರನ್ನು ಕಂಡರೆ ಓಡಿಹೋಗುವವಳು ಲೋಕದಲ್ಲಿ ನೀನೊಬ್ಬಳೇ ಇರಬೇಕು.

ಒಂದು ವಿಷಯ. ಮಗ ಬೆಂಡು ಮನೆ ಬಿಟ್ಟು ಹೋಗಿದ್ದಾನೆ. ಗಾಬರಿಯಾಗಬೇಡ, ಪೂರ್ತಿ ಓದು.

ಭಾನುವಾರ ನಮ್ಮ ಗಾಳದ ಬಳಗದ ವರ್ಷದ ಸ್ಪರ್ಧೆ. ಹಿಡಿಯುವುದು, ತೂಗುವುದು, ವಾಪಸ್ ಹೊಳೆಗೆ ಬಿಡುವುದು. ‘ಕೆಲಸವಿಲ್ಲದವರ ಕೆಲಸ’ ಅಂತ ನೀನು ನಗುತ್ತಿದ್ದೆಯಲ್ಲ, ಅದೇ. ತೂಗುವವನು ಎಂದಿನಂತೆ ನಾನು. ಊರಿನ ತಕ್ಕಡಿಗಳನ್ನೆಲ್ಲ ರಿಪೇರಿ ಮಾಡುವವನು ಎದುರಿಗಿರುವಾಗ ಇನ್ಯಾರು ತೂಗಬೇಕು?

ಬೆಂಡು ಕೊನೆಗೆ ಬಂದ. ಒದ್ದೆ ಚೀಲದಲ್ಲಿ ಒಂದು ಗೆಂಡೆ ಮೀನು. ತಟ್ಟೆಯಲ್ಲಿಟ್ಟರೆ ಮುಳ್ಳು ನಾಲ್ಕು ಕಿಲೋ ದಾಟಿತು. ಎಲ್ಲರೂ ಚಪ್ಪಾಳೆ ಹೊಡೆದರು, ಕ್ಷೌರದಂಗಡಿಯವನು ಅವನ ಬೆನ್ನು ತಟ್ಟಿದ. ಆದರೆ ಮೀನನ್ನು ಕೈಗೆತ್ತಿಕೊಂಡಾಗಲೇ ನನಗೆ ಗೊತ್ತಾಗಿತ್ತು. ಮೂವತ್ತು ವರ್ಷ ತೂಕ ಹಿಡಿದ ಕೈ ಇದು. ಅಷ್ಟುದ್ದದ ಮೀನಿಗೆ ಅಷ್ಟು ತೂಕ ಇರುವುದಿಲ್ಲ. ಬಾಲ ಹಿಡಿದು ತಲೆಕೆಳಗು ಮಾಡಿ ಅಲುಗಾಡಿಸಿದೆ. ಬಾಯಿಂದ ಎರಡು ಸೀಸದ ಗುಂಡು ಟಣ್ ಟಣ್ ಅಂತ ತಟ್ಟೆಗೆ ಬಿದ್ದವು. ನನ್ನ ಅಂಗಡಿಯ ಸೀಸ. ಜೀವವಿರುವ ಮೀನಿನ ಗಂಟಲಿಗೆ ತುರುಕಿದ್ದ.

ಇಪ್ಪತ್ತಮೂರು ವರ್ಷದ ಮಗನ ಕೆನ್ನೆಗೆ ಎಲ್ಲರೆದುರು ಹೊಡೆದೆ. ಎರಡು ಮಾತು ಬೈದೆ. ಎದ್ದು ನಡೆದವನು ಇನ್ನೂ ಬಂದಿಲ್ಲ. ಎಲ್ಲೋ ಸ್ನೇಹಿತರ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿರುತ್ತಾನೆ. ಅಮ್ಮನಿಲ್ಲದ ಮಗುವನ್ನು ನಾಲ್ಕು ವರ್ಷ ನಿನ್ನ ಹತ್ತಿರ ಬಿಟ್ಟಿದ್ದೆನಲ್ಲ, ನಿನ್ನ ಮುದ್ದು ಜಾಸ್ತಿಯಾಯಿತು ಅಂತ ಈಗ ಹೇಳಿದರೆ ನೀನು ಜಗಳಕ್ಕೆ ಬರುತ್ತೀಯ.

ಅಲ್ಲಿಗೇನಾದರೂ ಬಂದನಾ? ಒಂದು ಸಾಲು ಬರೆ. ಬೇಗ ಬರೆ.

ನಿನ್ನ ತಮ್ಮ

*

ಮಾರ್ಚ್ 11
(ಬರೆದು, ಕಳಿಸದೆ, ಹೊಲಿಗೆ ಡಬ್ಬಿಯಲ್ಲಿ ಇಟ್ಟದ್ದು)

ತಮ್ಮಾ,

ಅವನು ಇಲ್ಲೇ ಇದ್ದಾನೆ. ಈ ಸಾಲನ್ನು ಮೊದಲು ಬರೆದುಬಿಟ್ಟರೆ ಉಳಿದದ್ದು ಸುಲಭ ಅಂದುಕೊಂಡೆ. ಆಗಲಿಲ್ಲ.

ಆರನೇ ತಾರೀಕು ಮಧ್ಯಾಹ್ನ ಲಾಂಡ್ರಿಯ ಹಿಂಬಾಗಿಲಲ್ಲಿ ನಿಂತಿದ್ದ. ಕಾಲಲ್ಲಿ ಚಪ್ಪಲಿಯಿಲ್ಲ. ಪಾದವೆಲ್ಲ ಒಡೆದು ರಕ್ತ ಒಣಗಿತ್ತು. ಸ್ಟೇಷನ್ನಿಗೆ ನಡೆದು, ಎರಡು ದಿನ ರೈಲಲ್ಲಿ, ಇಷ್ಟೂ ದೂರ ಬರಿಗಾಲಲ್ಲೇ ಬಂದಿದ್ದಾನೆ. ಹಾಸಿಗೆ ಚಾದರ ಕುದಿಸುವ ನೀರಿಗೆ ತಣ್ಣೀರು ಬೆರೆಸಿ ಕಾಲಿಡಿಸಿ ಕೂರಿಸಿದೆ. ಆಗ ಬಾಯಿಬಿಟ್ಟ.

“ಅಪ್ಪ ಹೋಗಿ ಹೊಳೆಗ್ ಬೀಳು ಅಂದ್ರು, ಅತ್ತೆ. ಎಲ್ರೆದುರಿಗೆ.”

“ಸಿಟ್ಟಲ್ಲಿ ಅಂದಿರ್ತಾನೆ ಕಣೋ. ನೀನ್ಯಾಕೆ ಆ ಕೆಲ್ಸ ಮಾಡ್ದೆ?”

ಬಿಸಿನೀರಲ್ಲಿ ಪಾದ ಉಜ್ಜಿಕೊಳ್ಳುತ್ತ ಹೇಳಿದ. “ಒಂದ್ಸಲ, ಒಂದೇ ಒಂದ್ಸಲ, ಅಪ್ಪನ ತಕ್ಕಡೀಲಿ ಏನಾದ್ರೂ ತೂಗ್ಬೇಕು ಅನ್ನಿಸ್ತು.”

ಇದನ್ನು ಕೇಳಿಸಿಕೊಂಡ ಮೇಲೆ ನಾನು ಅವನಿಗೆ ಬೈಯಲಾರೆ. ನೀನು ಕೆಟ್ಟವನಲ್ಲ ತಮ್ಮಾ, ಆದರೆ ಹುಟ್ಟಿದಾಗಿನಿಂದ ಅವನನ್ನು ತೂಗಿ ನೋಡಿ ‘ಕಡಿಮೆ’ ಅಂತ ಪಕ್ಕಕ್ಕಿಟ್ಟಿದ್ದೀಯ.

ಅವನು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. “ಅಪ್ಪಂಗೆ ಹೇಳಿದ್ರೆ ಇಲ್ಲಿಂದ್ಲೂ ಹೋಗ್ತೀನಿ. ಆಮೇಲೆ ನಿಮ್ಗೂ ಗೊತ್ತಾಗಲ್ಲ ಎಲ್ಲಿದೀನಿ ಅಂತ.” ಹೇಳಿದ ಹಾಗೆ ಮಾಡುವವನು ಅವನು. ಒದ್ದೆ ಚಾದರ ಹೊರುವ ಕೆಲಸಕ್ಕೆ ಸೇರಿಸಿದ್ದೇನೆ. ಹೊತ್ತು ಹೊತ್ತಿಗೆ ಊಟ ಮಾಡುತ್ತಾನೆ, ಮಾತಾಡುವುದಿಲ್ಲ.

ನಿನಗೆ ತಿಳಿಸದಿದ್ದರೆ ನೀನು ಸಾಯುತ್ತೀಯ. ತಿಳಿಸಿದರೆ ಅವನು ಕೈತಪ್ಪುತ್ತಾನೆ. ನೀನು ಗಟ್ಟಿ ಮನುಷ್ಯ, ಒಂದು ತಿಂಗಳು ತಡೆದುಕೊಳ್ಳುತ್ತೀಯ. ಅಷ್ಟರಲ್ಲಿ ನಾನೇ ಅವನಿಗೆ ಬುದ್ಧಿ ಹೇಳಿ

*

ಮಾರ್ಚ್ 12

ತಮ್ಮಾ,

ಅವನು ಇಲ್ಲಿಗೆ ಬಂದಿಲ್ಲ. ಬಂದರೆ ತಿಳಿಸದೆ ಇರುತ್ತೇನಾ? ವಯಸ್ಸಿನ ಹುಡುಗ, ಎಲ್ಲೋ ಕೆಲಸ ಹಿಡಿದಿರುತ್ತಾನೆ, ಸಿಟ್ಟು ಇಳಿದ ಮೇಲೆ ಬರುತ್ತಾನೆ. ನೀನು ಅಂಗಡಿ ಮುಚ್ಚಿ ಹುಡುಕಲು ಹೊರಡಬೇಡ. ನನ್ನ ಆರೋಗ್ಯ ಚೆನ್ನಾಗಿದೆ.

ಅಕ್ಕ

*

ಮಾರ್ಚ್ 21

ಅಕ್ಕಾ,

ನಿನ್ನ ಪತ್ರ ಬಂತು. ನೀನು ಹೇಳಿದ್ದೇ ಸರಿ, ಎಲ್ಲೋ ಕೆಲಸ ಹಿಡಿದಿರುತ್ತಾನೆ. ನಾನು ಆರಾಮವಾಗಿದ್ದೇನೆ. ಮಧ್ಯಾಹ್ನಕ್ಕೇ ಅಂಗಡಿಯ ಬಾಗಿಲೆಳೆದು ದಿನಾ ಹೊಳೆಗೆ ಹೋಗುತ್ತೇನೆ.

ಆ ಹೊಳೆಯಲ್ಲಿ ಅಂಥದ್ದೇನಿದೆ ಅಂತ ನೀನು ಯಾವಾಗಲೂ ಕೇಳುತ್ತಿದ್ದೆ. ಇವತ್ತು ಹೇಳುತ್ತೇನೆ. ಮೊದಲು ಹಳೆಯ ಬ್ರೆಡ್ಡನ್ನು ನೆನೆಸಿ ಹಿಂಡಿ ಅಂಗೈಯಲ್ಲಿ ನಾದಬೇಕು. ತೀರಾ ಮೆತ್ತಗಾದರೆ ನೀರಲ್ಲಿ ಕರಗುತ್ತದೆ, ಗಟ್ಟಿಯಾದರೆ ಮೀನು ಉಗುಳುತ್ತದೆ. ನಿನ್ನ ಕಿವಿಯ ಹಾಲೆಯಷ್ಟು ಹದ. ಆಮೇಲೆ ದಾರಕ್ಕೆ ಕಟ್ಟಿದ ಕೆಂಪು ತುದಿಯ ತೇಲುಬೆಂಡನ್ನು ನೀರಿಗೆ ಬಿಟ್ಟು ಕೂರುವುದು. ಹತ್ತು ನಿಮಿಷ ಕಳೆದರೆ ಬೆನ್ನುನೋವು ಮರೆಯುತ್ತದೆ. ಅರ್ಧ ಗಂಟೆ ಕಳೆದರೆ ಲೋಕದಲ್ಲಿ ಆ ಕೆಂಪು ತುದಿ ಬಿಟ್ಟರೆ ಬೇರೇನೂ ಇಲ್ಲ. ಆಗ ಒಂದು ಸಣ್ಣ ಅಲುಗಾಟ. ಕೆಳಗಿನಿಂದ ಯಾರೋ ಬೆರಳಲ್ಲಿ ಬಾಗಿಲು ತಟ್ಟಿದ ಹಾಗೆ. ಎಳೆಯಬಾರದು. ಇನ್ನೊಂದು ಸಲ ತಟ್ಟುತ್ತದೆ. ಆಗಲೂ ಎಳೆಯಬಾರದು. ಮೂರನೆಯ ಸಲ ಬೆಂಡು ಓರೆಯಾಗಿ ಜಾರಿ ಮಾಯವಾಗುತ್ತದೆ ನೋಡು, ಆಗ ಎದೆಯೊಳಗೆ ಆಗುವುದನ್ನು ನಾನು ಬರೆಯಲಾರೆ.

ಮೊನ್ನೆ ತುಟಿ ಹರಿದ ಒಂದು ಗೆಂಡೆ ಸಿಕ್ಕಿತು. ಬಿಟ್ಟೆ. ಒಂದು ಗಂಟೆಯೊಳಗೆ ಅದೇ ಗೆಂಡೆ ಅದೇ ಬ್ರೆಡ್ಡಿಗೆ ಮತ್ತೆ ಸಿಕ್ಕಿತು. ಅಷ್ಟು ಪೆದ್ದು. ನಿನ್ನೆ ಒಂದು ಹಾವುಮೀನು ನಮ್ಮ ಬಳಗದ ಮಾಸ್ತರ ಬುತ್ತಿಚೀಲದೊಳಗೆ ನುಗ್ಗಿಬಿಟ್ಟಿತು. ಮಾಸ್ತರು ಬುತ್ತಿಗೆ ಕೈಹಾಕಿ ಕಿರುಚಿದ್ದು ಆಚೆ ದಡಕ್ಕೂ ಕೇಳಿಸಿತು.

ಬೆಂಡು ಕಟ್ಟುವ ಮೊದಲು ಆಳ ನೋಡಬೇಕು ಅಕ್ಕಾ. ಗಾಳಕ್ಕೆ ಸೀಸ ಕಟ್ಟಿ ತಳಕ್ಕೆ ಇಳಿಸಿ, ದಾರವನ್ನು ಎರಡೂ ಕೈ ಚಾಚಿ ಮಾರು ಮಾರಾಗಿ ಅಳೆಯಬೇಕು. ಹಳೇ ಸೇತುವೆಯ ಎರಡನೇ ಕಂಬದ ಕೆಳಗೆ ಮೂರೂವರೆ ಮಾರು. ಮೂರನೇ ಕಂಬಕ್ಕೆ ನಾಲ್ಕು, ತಳ ಕಲ್ಲು. ಪಂಪ್‌ಹೌಸಿನ ಎದುರು ಮೂರು, ಕೆಸರು. ನಾಳೆ ನೀರು ಬಿಡುವ ಗೇಟಿನ ಕಡೆ ನೋಡುತ್ತೇನೆ.

ಬೆಂಡು ಪತ್ರಗಿತ್ರ ಬರೆದರೆ ತಿಳಿಸು.

ತಮ್ಮ

*

ಮಾರ್ಚ್ 30

ತಮ್ಮಾ,

ನಿನ್ನ ಪತ್ರ ಓದಿ ಮೈ ಉರಿಯಿತು. ಮಗ ಕಾಣೆಯಾಗಿ ತಿಂಗಳಾಗುತ್ತ ಬಂತು. ನೀನು ಬ್ರೆಡ್ಡಿನ ಹದ, ಹೊಳೆಯ ಆಳ ಅಂತ ಎರಡು ಹಾಳೆ ಬರೆದಿದ್ದೀಯ! ಬೆಂಡಿನ ಬಗ್ಗೆ ಬರೆದದ್ದು ಕೊನೆಗೆ ಒಂದೇ ಸಾಲು. ನೀರಿನ ಬೆಂಡಿಗೆ ಕೊಟ್ಟ ಜಾಗದಲ್ಲಿ ಕಾಲುಭಾಗವನ್ನಾದರೂ ಮಗನಿಗೆ ಕೊಡಬಾರದಿತ್ತೇ? ಕಡ್ಡಿಯ ಹಾಗೆ ಹಗುರ, ಎಲ್ಲಿ ಎಸೆದರೂ ಮುಳುಗಲ್ಲ ಅಂತ ಆ ಅಡ್ಡಹೆಸರು ಇಟ್ಟವನೂ ನೀನೇ.

ಅವನು ಸಣ್ಣವನಿದ್ದಾಗ ನನ್ನ ಮಡಿಲಲ್ಲಿ ಕೂತು ಕೇಳಿದ್ದ, “ಅಪ್ಪಂಗೆ ಮೀನು ಇಷ್ಟಾನಾ ನಾನು ಇಷ್ಟಾನಾ?” ನಾನು ನಕ್ಕು ಸುಮ್ಮನಾಗಿದ್ದೆ. ನಗಬಾರದಿತ್ತು.

ಆ ಮಾಸ್ತರಿಗೂ ನಿನಗೂ ನಾಚಿಕೆಯಾಗಬೇಕು. ನೀನು ಹೀಗೇ ಮೀನು ಹಿಡಿಯುತ್ತ ಕೂತಿದ್ದರೆ ಅವನು ಯಾಕೆ ಬರಬೇಕು, ಯಾರಿಗೋಸ್ಕರ ಬರಬೇಕು ಹೇಳು.

ಅಕ್ಕ

*

ಏಪ್ರಿಲ್ 6
(ಬರೆದು, ಕಳಿಸದೆ, ತೂಕದ ಬಟ್ಟುಗಳ ಪೆಟ್ಟಿಗೆಯಲ್ಲಿ ಇಟ್ಟದ್ದು)

ಅಕ್ಕಾ,

ನಾನು ಮೀನು ಹಿಡಿಯುತ್ತಿಲ್ಲ. ಗಾಳಕ್ಕೆ ಬ್ರೆಡ್ಡು ಚುಚ್ಚಿ ತಿಂಗಳಾಯಿತು.

ಮಾರ್ಚ್ ಮೂರನೇ ತಾರೀಕು ಬೆಳಿಗ್ಗೆ ಅವನ ಚಪ್ಪಲಿ, ಗಾಳದ ಕೋಲು ಎರಡೂ ಹೊಳೆಯ ಮೆಟ್ಟಿಲ ಮೇಲೆ ಸಿಕ್ಕವು. ಚಪ್ಪಲಿ ಜೋಡಿಸಿ ಇಟ್ಟಿದ್ದ. ನೀರಿಗೆ ಇಳಿಯುವ ಮೊದಲು ಯಾವಾಗಲೂ ಹಾಗೇ ಜೋಡಿಸುತ್ತಾನೆ, ಚಿಕ್ಕಂದಿನಲ್ಲಿ ನೀನು ಕಲಿಸಿದ್ದು. ನಾನು ಬೈದದ್ದು ಎರಡು ಮಾತಲ್ಲ ಅಕ್ಕಾ, ಒಂದೇ ಮಾತು. ‘ಹೋಗಿ ಹೊಳೆಗೆ ಬೀಳು’ ಅಂದೆ.

ಪೊಲೀಸಿನ ಮುಳುಗುಗಾರರು ಎರಡು ದಿನ ಹುಡುಕಿದರು. ಇನ್‌ಸ್ಪೆಕ್ಟರು, “ನೋಡಿ ಯಜಮಾನ್ರೇ, ಹೊಳೆ ಯಾವಾಗ ಕೊಡುತ್ತೋ ಆಗ ಕೊಡುತ್ತೆ,” ಅಂದರು. ಆಗಲೂ ನನಗೊಂದು ಆಸೆಯಿತ್ತು, ನಿನ್ನ ಹತ್ತಿರ ಬಂದಿರಬಹುದು ಅಂತ. ದಿನಾ ಪೋಸ್ಟಿನವನ ದಾರಿ ಕಾದೆ. ‘ಅವನು ಇಲ್ಲಿಗೆ ಬಂದಿಲ್ಲ’ ಅಂತ ನಿನ್ನ ಪತ್ರ ಬಂತು. ನನಗೆ ಸುಳ್ಳು ಹೇಳದ ಮನುಷ್ಯರು ಅಂತ ಈ ಭೂಮಿಯ ಮೇಲೆ ಉಳಿದಿರುವುದು ನೀನೊಬ್ಬಳು. ಆ ಪತ್ರ ಮಡಿಸಿ ಜೇಬಿಗಿಟ್ಟು, ಅವನು ಮೀನಿಗೆ ತುರುಕಿದ್ದ ಅದೇ ಎರಡು ಸೀಸದ ಗುಂಡನ್ನು ದಾರಕ್ಕೆ ಕಟ್ಟಿದೆ.

ದಿನಾ ಅಳೆಯುತ್ತೇನೆ. ದಡದುದ್ದಕ್ಕೂ ಒಂದೊಂದು ಮಾರಿಗೆ ಒಂದು ಸಲ ಸೀಸ ಇಳಿಸುತ್ತೇನೆ. ಸೀಸ ಕಲ್ಲಿಗೆ ತಾಗಿದರೆ ಟಕ್ ಅಂತ ಬೆರಳಿಗೆ ಗೊತ್ತಾಗುತ್ತದೆ. ಕೆಸರಿಗೆ ತಾಗಿದರೆ ಕೂರುತ್ತದೆ, ಎಳೆದರೆ ಸಲೀಸಾಗಿ ಬರುತ್ತದೆ. ಇವೆರಡೂ ಅಲ್ಲದ್ದಕ್ಕೆ ತಾಗಿದರೆ ಹೇಗಿರುತ್ತದೆ ಅಂತ ನನಗೆ ಗೊತ್ತಿಲ್ಲ. ಗೊತ್ತಾಗುವ ದಿನ ಬರಲಿ ಅಂತಲೂ ಅನ್ನಲಾರೆ, ಬರದಿರಲಿ ಅಂತಲೂ ಅನ್ನಲಾರೆ.

ಬಳಗದವರು ಯಾರೂ ಆ ಕಡೆ ಬರುವುದಿಲ್ಲ. ಬಂದರೆ ಕಣ್ಣು ತಪ್ಪಿಸಿ ಹೋಗುತ್ತಾರೆ. ನಿನಗೆ ಏನು ಬರೆಯಲಿ? ಎದೆ ಗಟ್ಟಿಯಿಲ್ಲದವಳು. ಅದಕ್ಕೇ ಹಳೆಯ ಮೀನುಗಳನ್ನು ಬರೆದೆ, ಅವನ ಜೊತೆ ಕೂತು ಹಿಡಿದವು. ಬರೆಯುವಾಗ ಅಷ್ಟು ಹೊತ್ತು ಅವನು ಪಕ್ಕದಲ್ಲಿರುತ್ತಾನೆ. ನೀನು ಬೈದದ್ದು ಒಳ್ಳೆಯದೇ ಆಯಿತು. ನನಗೆ ಬೈಯುವವರು ಬೇಕಾಗಿತ್ತು.

*

ಏಪ್ರಿಲ್ 7

ಅಕ್ಕಾ,

ನಿನ್ನ ಸಿಟ್ಟು ನ್ಯಾಯವಾದದ್ದೇ. ಏನು ಮಾಡಲಿ, ಮನೆಯಲ್ಲಿ ಕೂತರೆ ಗೋಡೆಗಳು ಮೈಮೇಲೆ ಬರುತ್ತವೆ. ಹೊಳೆ ವಾಸಿ.

ಈ ವಾರ ಮೀನು ಬೇಕಾದಷ್ಟು. ಒಂದೇ ಬೆಳಿಗ್ಗೆ ಹದಿನೇಳು ಬೆಳ್ಳಿಮೀನು, ಬೆರಳುದ್ದದವು, ಎಲ್ಲವೂ ಎರೆಹುಳಕ್ಕೆ. ಲೆಕ್ಕ ತಪ್ಪಬಾರದು ಅಂತ ಒಂದೊಂದು ಬಿಟ್ಟಾಗಲೂ ಒಂದೊಂದು ಕಡ್ಡಿ ನೆಟ್ಟದ್ದು, ಕೊನೆಗೆ ದಡದಲ್ಲಿ ಪುಟ್ಟ ಬೇಲಿಯೇ ಆಯಿತು. ಗೇಟಿನ ಕೆಳಗೆ ನಾಲ್ಕೂವರೆ ಮಾರು, ಸುಳಿಯಿದೆ, ಸೀಸ ನಿಲ್ಲುವುದಿಲ್ಲ. ಅಲ್ಲಿಂದ ಇಟ್ಟಿಗೆಗೂಡಿನ ತಿರುವಿನವರೆಗೆ ಇನ್ನೂ ನೋಡಬೇಕು.

ಗುಳಿಗೆ ತೆಗೆದುಕೋ.

ತಮ್ಮ

*

ಏಪ್ರಿಲ್ 24

ಅಕ್ಕಾ,

ನೀನು ಬರೆಯುವುದನ್ನೇ ಬಿಟ್ಟೆ. ಸಿಟ್ಟಾದರೂ ಒಂದು ಕಾರ್ಡು ಹಾಕು.

ಇವತ್ತು ತಿರುವಿನ ಈಚೆ ನಾಲ್ಕು ಮುಕ್ಕಾಲು ಮಾರು. ದಾರ ಹಿಡಿದು ಹಿಡಿದು ಬೆರಳಿಗೆ ಗೆರೆ ಬಿದ್ದಿದೆ, ಅಂಗಡಿಯಲ್ಲಿ ಸಣ್ಣ ತಿರುಪು ಹಿಡಿಯಲು ಬರುತ್ತಿಲ್ಲ. ಔಷಧಿ ಅಂಗಡಿಯವರು ಅವರ ತಕ್ಕಡಿಯನ್ನು ಬೇರೆ ಊರಿಗೆ ಕಳಿಸಿದರಂತೆ. ಕಳಿಸಲಿ.

ಮೀನು ಚೆನ್ನಾಗಿ ಕಚ್ಚುತ್ತಿವೆ.

ತಮ್ಮ

*

ಮೇ 16

ಅಕ್ಕಾ,

ಗುಳಿಗೆ ನುಂಗಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಇದನ್ನು ಓದು.

ನಮ್ಮ ಬೆಂಡು ಸಿಕ್ಕಿದ. ಇಟ್ಟಿಗೆಗೂಡಿನ ತಿರುವಿನಲ್ಲಿ, ಐದು ಮಾರು ಆಳದಲ್ಲಿ. ನಾನು ನಿನಗೆ ಬರೆದದ್ದೆಲ್ಲ ಸುಳ್ಳು. ಮಾರ್ಚ್ ಮೂರಕ್ಕೇ ಅವನ ಚಪ್ಪಲಿ ಮೆಟ್ಟಿಲ ಮೇಲೆ ಸಿಕ್ಕಿತ್ತು. ನಾನು ಹುಡುಕುತ್ತಿದ್ದೆ. ಮೀನನ್ನಲ್ಲ.

ಹದಿಮೂರನೇ ತಾರೀಕು ಸೀಸ ಇಳಿಸಿದಾಗ ಟಕ್ ಅನ್ನಲಿಲ್ಲ, ಕೆಸರಲ್ಲಿ ಕೂರಲೂ ಇಲ್ಲ. ಮೇಲೆಳೆದರೆ ಬಟ್ಟೆ ಹಿಡಿದ ಹಾಗೆ ಭಾರವಾಗಿ ಬಂತು, ಬಿಟ್ಟಿತು. ಮುಳುಗುಗಾರರನ್ನು ಕರೆಸಿದೆ. ಮೇಲೆ ತಂದರು. ಅದನ್ನು ಬರೆಯಲಾರೆ. ಗುರುತು ಸಿಗುವಂಥದ್ದು ಏನೂ ಉಳಿದಿರಲಿಲ್ಲ. ಒಂದು ಕಾಲರಿನ ಚೂರು, ಯಾವ ಬಣ್ಣವಾದರೂ ಆಗಿರಬಹುದು.

ಇನ್‌ಸ್ಪೆಕ್ಟರು ಕೇಳಿದರು, “ನಿಮ್ಮ ಮಗಾನೇನಾ?”

ನಾನು, “ಹೌದು ಸಾರ್,” ಅಂದೆ.

ನಿನ್ನೆ ಮಣ್ಣು ಮಾಡಿದೆ. ಕ್ಷೌರದಂಗಡಿಯವನು ಬಂದಿದ್ದ, ಬಳಗದ ಇನ್ನಿಬ್ಬರು ಬಂದಿದ್ದರು. ಹೆಣ್ಣುಮಕ್ಕಳು ಯಾರೂ ಇರಲಿಲ್ಲ, ಅದಕ್ಕೆ ಗಟ್ಟಿಯಾಗಿ ಅಳುವವರಿರಲಿಲ್ಲ. ನಾನೇ ಅತ್ತೆ. ದಾರಿಹೋಕರು ನಿಂತು ನೋಡುವಷ್ಟು ಅತ್ತೆ. ಸೀಸದ ಗುಂಡು ಎರಡನ್ನೂ ಹೊಳೆಗೆ ಎಸೆದೆ.

ನಿನ್ನ ಹತ್ತಿರವಾದರೂ ಬಂದಿದ್ದರೆ ಅಂತ ಎಷ್ಟು ಸಲ ಅಂದುಕೊಂಡೆನೋ. ಇನ್ನು ಅಂದುಕೊಳ್ಳುವುದಕ್ಕೂ ಏನೂ ಇಲ್ಲ. ಕೊಂದವನು ನಾನು. ಬಾ ಅಂತ ಕರೆಯುವ ಮುಖ ನನಗಿಲ್ಲ.

ತಮ್ಮ

*

ಮೇ 18

ತಮ್ಮಾ,

ಅವನು ಬದುಕಿದ್ದಾನೆ. ಅವನು ಇಲ್ಲೇ ಇದ್ದ, ಮೊದಲಿನಿಂದ. ನಾನು ನಿನಗೆ ಸುಳ್ಳು ಬರೆದೆ. ಈ ಪತ್ರ ಸೇರುವ ಮೊದಲೇ ಅವನು ನಿನ್ನ ಬಾಗಿಲಲ್ಲಿರುತ್ತಾನೆ. ಬೆಳಗಿನ ರೈಲಿಗೆ ಹತ್ತಿಸಿ ಬಂದು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಮಾರ್ಚ್ 21ರ ನಿನ್ನ ಪತ್ರವನ್ನು ಅವನಿಗೆ ಓದಿ ಹೇಳಲು ಶುರುಮಾಡಿದ್ದೆ. ಬ್ರೆಡ್ಡು ನಾದುವ ಕಡೆ ಬರುವಷ್ಟರಲ್ಲಿ ಅವನು, “ಸಾಕು ಅತ್ತೆ. ಚೆನ್ನಾಗಿದಾರಲ್ಲ, ಇರ್ಲಿ ಬಿಡಿ,” ಅಂತ ಎದ್ದುಹೋದ. ಅವನಿಗಾದ ನೋವು ನೋಡಿ ನಿನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಆಮೇಲೆ ಬಂದವನ್ನು ಅವನಿಗೆ ತೋರಿಸಲೂ ಇಲ್ಲ, ಅವಕ್ಕೆ ಉತ್ತರ ಬರೆಯಲೂ ಇಲ್ಲ. ಈ ಮನುಷ್ಯನಿಗೆ ಮಗ ಬೇಕಾಗಿಲ್ಲ ಅಂತ ತೀರ್ಮಾನಿಸಿಬಿಟ್ಟೆ. ಎರಡೂವರೆ ತಿಂಗಳು ತಮ್ಮಾ! ನಾನು ಗುಳಿಗೆ ನುಂಗಿ ಹಾಯಾಗಿ ನಿದ್ದೆ ಮಾಡಿದೆ.

ನಿನ್ನೆ ರಜೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಸೂಜಿ ಹುಡುಕುತ್ತ ನನ್ನ ಹೊಲಿಗೆ ಡಬ್ಬಿ ತೆಗೆದಿದ್ದಾನೆ. ನಿನ್ನ ಪತ್ರಗಳೆಲ್ಲ ಅಲ್ಲೇ ಇದ್ದವು. ನಾನು ಒಳಗೆ ಬರುವಾಗ ನೆಲದ ಮೇಲೆ ಹರಡಿಕೊಂಡು ಕೂತಿದ್ದ. ಮುಖ ಸುಣ್ಣದ ಹಾಗೆ ಬಿಳುಚಿತ್ತು.

“ಅತ್ತೆ, ಈ ಗೆಂಡೆ ನಾನು ಹಿಡಿದಿದ್ದು. ಒಂಬತ್ತು ವರ್ಷದಲ್ಲಿ.”

“ಯಾವ್ದೋ?”

“ತುಟಿ ಹರಿದಿದ್ದು. ಈ ಕಡ್ಡಿ ಬೇಲೀನೂ ನಾನೇ ನೆಟ್ಟಿದ್ದು. ಮಾಸ್ತರ ಬುತ್ತಿ... ಅತ್ತೆ, ಮಾಸ್ತರು ಸತ್ತು ನಾಲ್ಕು ವರ್ಷ ಆಯ್ತು!”

ನನಗೆ ಅರ್ಥವಾಗಲಿಲ್ಲ. ಅವನು ಇನ್ನೊಂದು ಹಾಳೆ ಎತ್ತಿ ನನ್ನ ಮುಖಕ್ಕೆ ಹಿಡಿದ.

“ಐದಾರಡಿಗಿಂತ ಆಳಕ್ಕೆ ನಮ್ಮೋರು ಯಾರೂ ಬೆಂಡು ಬಿಡಲ್ಲ. ನಾಲ್ಕು ಮಾರಲ್ಲಿ ಯಾವ ಮೀನು ಹಿಡೀತಾರೆ? ಸುಳಿಯಲ್ಲಿ, ಕಂಬದ್ ಬುಡದಲ್ಲಿ? ಆವತ್ತು ನೀರಿಗಿಳ್ದೆ, ಆಗ್ಲಿಲ್ಲ, ಹಂಗೇ ಓಡಿದೆ. ನನ್ ಚಪ್ಪಲಿ ಅಲ್ಲೇ ಬಿಟ್ಟಿದ್ದೆ ಅತ್ತೆ, ಮೆಟ್ಲ್ ಮೇಲೆ. ಅಪ್ಪ ನನ್ನನ್ನೇ ಹುಡುಕ್ತಿದಾರೆ.”

ಆಮೇಲೆ ಅವನು ಅತ್ತಂಥ ಅಳುವನ್ನು ನಾನು ಯಾವ ವಾರ್ಡಿನ ಬಾಗಿಲಲ್ಲೂ ಕೇಳಿಲ್ಲ. ನಾನು ಗಾಳ ಹಿಡಿದವಳಲ್ಲ. ಆಳ ಅಂತ ನೀನು ಬರೆದರೆ ಮೀನಿನ ಆಳ ಅಂದುಕೊಂಡೆ.

ಅಂದು ಬರೆದು ಕಳಿಸದೆ ಉಳಿಸಿದ ಪತ್ರ ಇದರ ಜೊತೆ ಇಟ್ಟಿದ್ದೇನೆ. ಅದನ್ನು ಓದು. ಓದಿ ನನ್ನನ್ನು ಏನು ಬೇಕಾದರೂ ಅನ್ನು. ಆದರೆ ನೀರಿಗೆ ಇಳಿಯಬೇಡ ತಮ್ಮಾ, ಎಲ್ಲೂ ಇಳಿಯಬೇಡ, ಅವನು ಬರುತ್ತಿದ್ದಾನೆ.

ಅಕ್ಕ

*

ಮೇ 27

ಅಕ್ಕಾ,

ನಮ್ಮಿಬ್ಬರ ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿವೆ. ನನ್ನದು ಸೇರಿದಾಗ ನಿನ್ನ ಎದೆಗೆ ಏನಾಯಿತೋ ಅಂತ ಅವನು ಹೆದರಿದ್ದಾನೆ. ನಾನೂ ಹೆದರಿದ್ದೇನೆ. ಸಿಟ್ಟು ಬೇರೆ, ಅದು ಬೇರೆ. ಸಿಟ್ಟು ಇದೆ. ನಿನ್ನ ‘ಅವನು ಇಲ್ಲಿಗೆ ಬಂದಿಲ್ಲ’ ಅನ್ನುವ ಕಾಗದ ಇನ್ನೂ ನನ್ನ ಜೇಬಿನಲ್ಲಿದೆ, ಬೆವರಿಗೆ ಅಕ್ಷರ ಅಳಿಸಿದೆ. ಅದನ್ನು ಹರಿದು ಹಾಕಲು ಕೈ ಬರುತ್ತಿಲ್ಲ. ಕೈ ಬಂದ ದಿನ ತಿಳಿಸುತ್ತೇನೆ.

ಇಪ್ಪತ್ತನೇ ತಾರೀಕು ಮಧ್ಯಾಹ್ನ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದೆ. ಬಾಗಿಲಿಗೆ ಯಾರೋ ಅಡ್ಡ ಬಂದರು.

“ಅಪ್ಪಾ.”

ನಾನು ತಲೆಯೆತ್ತಲಿಲ್ಲ. ಐದು ದಿನದಿಂದ ಆ ದನಿ ಕೇಳಿಸುತ್ತಲೇ ಇತ್ತು, ಅದಕ್ಕೆಲ್ಲ ತಲೆಯೆತ್ತಿದರೆ ಆಗುವುದಿಲ್ಲ ಅಂತ ಕಲಿತಿದ್ದೆ. ಅವನು ಒಳಗೆ ಬಂದು ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತು ಮುಖ ನೋಡಿದ. ನನಗೆ ನಂಬಿಕೆ ಬರಲಿಲ್ಲ ಅಕ್ಕಾ. ಕಣ್ಣು ಸುಳ್ಳು ಹೇಳಬಹುದು, ಕಿವಿಯೂ ಹೇಳಬಹುದು. ಅವನ ರಟ್ಟೆ ಹಿಡಿದು ಎಬ್ಬಿಸಿ ಮೂಲೆಯಲ್ಲಿರುವ ಚೀಲ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದೆ. ಬಟ್ಟು ಸರಿಸಿದೆ. ಮುಳ್ಳು ಅಲುಗಾಡಿ ಅಲುಗಾಡಿ ನಿಂತಿತು.

“ಐವತ್ತೆಂಟು,” ಅಂದೆ. “ಐದ್ ಕಿಲೋ ಇಳ್ದಿದೀಯ. ನಿನ್ನತ್ತೆ ಊಟ ಹಾಕ್ಲಿಲ್ವೇನೋ?”

“ಹಾಕಿದ್ರು ಅಪ್ಪ. ಹೋಗ್ತಿರ್ಲಿಲ್ಲ.”

ಆಮೇಲೆ ನಾವಿಬ್ಬರೂ ಆ ತಕ್ಕಡಿಯ ಮೇಲೇ ನಿಂತಿದ್ದೆವು, ಎಷ್ಟು ಹೊತ್ತೋ ಗೊತ್ತಿಲ್ಲ. ಮುಳ್ಳು ಎಲ್ಲಿಗೆ ಹೋಗಿತ್ತೋ ಅದೂ ನೋಡಲಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಿನಗೆ ಇನ್ನೊಂದು ವಿಷಯ ಹೇಳಿಲ್ಲ. ಆ ದೇಹವನ್ನು ಮೇಲೆ ತಂದಾಗ ನಾನು ದಾರ ಹಿಡಿದು ಅಳೆದಿದ್ದೆ. ಅಂಗಡಿಯ ಬಾಗಿಲಿನ ಚೌಕಟ್ಟಿನ ಮೇಲೆ ಬೆಂಡಿನ ಎತ್ತರ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ, ಐದಡಿ ಏಳು ಅಂಗುಲ. ಅದು ಐದಡಿ ಐದೇ ಇತ್ತು. ಎರಡು ಅಂಗುಲ ಕಡಿಮೆ. ನೀರಿನಲ್ಲಿ ಅಷ್ಟು ದಿನ ಇದ್ದರೆ ಹಾಗಾಗಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಸುಸ್ತಾಗಿತ್ತು ಅಕ್ಕಾ. ಮುಗಿದರೆ ಸಾಕಾಗಿತ್ತು. ಪೊಲೀಸರ ಕಾಗದದಲ್ಲಿ ಐದಡಿ ಏಳು ಅಂತ ಬರೆಸಿ ಸಹಿ ಹಾಕಿದೆ. ಎರಡು ಗುಂಡು ಸೀಸಕ್ಕೆ ಮಗನ ಕೆನ್ನೆಗೆ ಹೊಡೆದವನು ನಾನು.

ಇಪ್ಪತ್ತೊಂದಕ್ಕೆ ಬೆಂಡನ್ನು ಕರೆದುಕೊಂಡು ಠಾಣೆಗೆ ಹೋದೆ. ಇನ್‌ಸ್ಪೆಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿ, “ಹಂಗಾದ್ರೆ ಅದ್ಯಾರು?” ಅಂದರು. ಎತ್ತರ, ಸಿಕ್ಕ ಜಾಗ, ಕಾಲರಿನ ಚೂರು, ಎಲ್ಲವನ್ನೂ ಬರೆದು ಬೆಂಡು ಚೀಟಿ ಮಾಡಿದ. ಹೊಳೆಗುಂಟ ಎರಡು ದಿನ ನಡೆದು ಪಂಪ್‌ಹೌಸಿಗೆ, ಸೇತುವೆಗೆ, ಮೇಲಿನ ಊರುಗಳ ಬಸ್‌ಸ್ಟ್ಯಾಂಡಿಗೆ ಅಂಟಿಸಿದೆವು. ಐದಡಿ ಐದು ಅಂತಲೇ ಬರೆಸಿದೆ.

ಇವತ್ತು ಬೆಳಿಗ್ಗೆ ಒಬ್ಬರು ಬಂದರು. ನನ್ನಷ್ಟೇ ವಯಸ್ಸು, ಮರ ಕೊಯ್ಯುವ ಮಿಲ್ಲಿನ ಕೆಲಸದವರು, ಅಂಗಿಯ ತೋಳಲ್ಲಿ ಹೊಟ್ಟು. ಯಾರೋ ಓದಿ ಹೇಳಿದ ಚೀಟಿಯನ್ನು ಕಿತ್ತು ತಂದಿದ್ದರು. ಜನವರಿಯಲ್ಲಿ ಅವರ ಮಗ ಈಜಲು ಹೋದವನು ಬಂದಿಲ್ಲವಂತೆ.

“ಎಷ್ಟೆತ್ತರ ಇದ್ದ?” ಅಂತ ಕೇಳಿದೆ.

“ಅದೆಲ್ಲ ಅಳ್ದಿಲ್ಲ ಸ್ವಾಮಿ. ಪಕ್ಕದಲ್ಲಿ ನಿಂತ್ರೆ ಇಲ್ಲಿಗ್ ಬರ್ತಿದ್ದ.” ಕೈಯನ್ನು ಕಿವಿಯ ಹತ್ತಿರ ಅಡ್ಡ ಹಿಡಿದರು.

ನೆಲದಿಂದ ಆ ಕೈಯವರೆಗೆ ಅಳೆದೆ. ಅವರು ಕೈ ಇಳಿಸದೆ ನಿಂತಿದ್ದರು. ಐದಡಿ ಐದು. ಟೇಪನ್ನೇ ಅವರ ಮುಂದೆ ಹಿಡಿದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಬೆಂಡು ಓದಿ ಹೇಳಿದ.

ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು. ಬೆಂಡು ಟೀ ತಂದುಕೊಟ್ಟ. ಅವರು ಲೋಟ ಹಿಡಿದು ಬೆಂಡನ್ನೇ ನೋಡುತ್ತಿದ್ದರು. ನನಗೆ ಅವನನ್ನು ಒಳಗೆ ಕಳಿಸಿಬಿಡೋಣ ಅನ್ನಿಸಿತು. ನನ್ನ ಮಗ ಅವರ ಕಣ್ಣೆದುರು ಓಡಾಡಬಾರದು ಅನ್ನಿಸಿತು. ಆಮೇಲೆ ಅವರು ಒಂದೇ ಒಂದು ಮಾತು ಕೇಳಿದರು.

“ಮಣ್ ಮಾಡ್ವಾಗ ಯಾರಾದ್ರೂ ಅತ್ರಾ ಸ್ವಾಮಿ?”

“ನಾನತ್ತೆ,” ಅಂದೆ. “ನನ್ ಮಗ ಅಂತಾನೇ ಅತ್ತೆ.”

ಅವರು ಲೋಟ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು. ಬೆರಳಿನ ಮೇಲೆ ದಾರ ಕೊಯ್ದ ಗೆರೆಗಳನ್ನು ಹೆಬ್ಬೆರಳಲ್ಲಿ ಸವರಿ ನೋಡಿದರು. ಆಮೇಲೆ ಆ ಕೈಗಳನ್ನು ತಮ್ಮ ಹಣೆಗೆ ಒತ್ತಿಕೊಂಡು ಅಳಲು ಶುರುಮಾಡಿದರು.

ಈಗ ಮೂವರೂ ಅಲ್ಲಿಗೆ ಹೊರಟಿದ್ದೇವೆ. ಅವರಿಗೆ ಮಣ್ಣು ಮಾಡಿದ ಜಾಗ ತೋರಿಸಬೇಕು.

ನಿನ್ನ ತಮ್ಮ